ಚೆನ್ನಾಗಿಯೇ ಇದ್ದ ಬೆಲ್ಟು

ಕೆಟ್ಟುಹೋದದ್ದನ್ನು ಬದಲಿಸೋದಕ್ಕೆ ಯಾರೂ ಮೀಟಿಂಗ್ ಮಾಡೋದಿಲ್ಲ. ಟೈರ್ ಪಂಕ್ಚರ್ ಆದರೆ ಹಾಕಿಸುತ್ತೇವೆ, ಬ್ಯಾಟರಿ ಸತ್ತರೆ ಹೊಸದು ತರುತ್ತೇವೆ. ಕಷ್ಟ ಇರೋದು ಚೆನ್ನಾಗಿ ಓಡುತ್ತಿರುವುದನ್ನು ಬಿಚ್ಚಿ ಬಿಸಾಕಿ ಅದೇ ಥರದ ಇನ್ನೊಂದನ್ನು ಹಾಕಿಸೋದರಲ್ಲಿ. ಅದೂ ನಾಲ್ಕು ಜನ ಸೇರಿ ಸಾಕುತ್ತಿರುವ ಕಾರಿಗೆ. ಅದೂ ಇನ್ನು ಐದು ತಿಂಗಳಲ್ಲಿ ಮಾರಿಬಿಡಬೇಕಾದ ಕಾರಿಗೆ. ಈ ಸೆಮಿಸ್ಟರ್‌ನಲ್ಲಿ ನಾವು ಅತಿ ಹೆಚ್ಚು ಹೊತ್ತು ಚರ್ಚೆ ಮಾಡಿದ ವಿಷಯ ಪ್ಲೇಸ್‌ಮೆಂಟ್ ಅಲ್ಲ, ಪ್ರಾಜೆಕ್ಟ್ ಕೂಡ ಅಲ್ಲ. ಒಂದು ಟೈಮಿಂಗ್ ಬೆಲ್ಟ್.

ಮೊದಲು ನಮ್ಮ ಪರಿಚಯ. ಮೆಕ್ಯಾನಿಕಲ್‌ನವರು ಇಬ್ಬರು, ಸಿವಿಲ್‌ನವಳು ಒಬ್ಬಳು, ಸಿಎಸ್‌ನವಳು ಒಬ್ಬಳು. ಎಲ್ಲರೂ ಫೈನಲ್ ಇಯರ್. ಕಾರು 2013ರ ಡೀಸೆಲ್ ಸೆಡಾನ್. ಕಂಪನಿ, ಮಾಡೆಲ್ ಹೆಸರು ಇಲ್ಲಿ ಬೇಡ, ಯಾಕೆಂದರೆ ಈ ಕಥೆ ಯಾವ ಹಳೆಯ ಬೆಲ್ಟ್ ಕಾರಿಗೂ ಹೊಂದುತ್ತದೆ. ಈ ಕಾರು ನಮ್ಮ ಕ್ಯಾಂಪಸ್ಸಿನ ಪಾರ್ಕಿಂಗ್‌ನಲ್ಲಿ ನಮಗಿಂತ ಸೀನಿಯರ್. ಮೊದಲ ಮಾಲೀಕರು ಮೈಸೂರಿನ ಒಬ್ಬ ನಿವೃತ್ತ ಅಧಿಕಾರಿ. ಅವರಿಂದ ಒಂದು ಬ್ಯಾಚ್ ಕೊಂಡಿತು, ಆ ಬ್ಯಾಚಿನಿಂದ ಇನ್ನೊಂದು, ಅವರಿಂದ ಮತ್ತೊಂದು, ಆಮೇಲೆ ನಾವು. ಪ್ರತಿ ಸಲವೂ ಫಾರ್ಮ್ 29, ಫಾರ್ಮ್ 30 ತುಂಬಿ ಆರ್‌ಸಿಯಲ್ಲಿ ಹೆಸರು ಬದಲಾಗಿದೆ. ಇನ್ಶೂರೆನ್ಸ್ ವರ್ಗಾವಣೆ ಆಗಿದೆ. ಸ್ಟೆಪ್ನಿ, ಜ್ಯಾಕ್, ಡ್ಯಾಶ್‌ಬೋರ್ಡ್ ಮೇಲಿನ ಪುಟ್ಟ ಗಣಪತಿ ಎಲ್ಲವೂ ಕೈಯಿಂದ ಕೈಗೆ ಸರಿಯಾಗಿಯೇ ಬಂದಿವೆ. ಬರದೇ ಹೋದದ್ದು ಒಂದೇ, ಸರ್ವಿಸ್ ದಾಖಲೆ.

ದಾಖಲೆ ಅನ್ನೋದು ಇದೆ, ಆದರೆ 52,000 ಕಿಲೋಮೀಟರಿಗೆ ನಿಂತುಹೋಗಿದೆ. ಅಷ್ಟರವರೆಗೆ ಆ ನಿವೃತ್ತ ಅಧಿಕಾರಿ ಒಂದೊಂದು ಬಿಲ್ಲನ್ನೂ ಫೈಲ್ ಮಾಡಿಟ್ಟಿದ್ದಾರೆ. ಆಯಿಲ್ ಬದಲಿಸಿದ್ದು, ವೈಪರ್ ಬ್ಲೇಡ್ ಬದಲಿಸಿದ್ದು, ಹಾರ್ನ್ ರಿಪೇರಿ ಮಾಡಿಸಿದ್ದು ಎಲ್ಲ ಇದೆ. ಆಮೇಲೆ ವಿದ್ಯಾರ್ಥಿಗಳ ಯುಗ ಶುರು. ಆ ಯುಗದ ದಾಖಲೆಗಳೆಂದರೆ ಗ್ಲೋವ್‌ಬಾಕ್ಸ್‌ನಲ್ಲಿ ಸಿಕ್ಕ ಎರಡು ಟೋಲ್ ಚೀಟಿ ಮತ್ತು ಒಂದು ಹಳೆಯ ಇಂಟರ್ನಲ್ಸ್ ಪ್ರಶ್ನೆಪತ್ರಿಕೆ. ಈಗ ಓಡೋಮೀಟರ್ 1,18,000 ದಾಟಿದೆ.

ಇದೇ ಡಿಸೆಂಬರ್ ರಜೆಗೆ ಮುಂಚೆ ಮಾರಾಟದ ಮಾತು ಬಂತು. ಸೆಕೆಂಡ್ ಇಯರ್‌ನ ಒಂದು ಗುಂಪು ಕಾರು ಕೇಳಿತ್ತು. ಪಟ್ಟಿ ಮಾಡೋಣ ಅಂತ ಮಾಲೀಕರ ಕೈಪಿಡಿ ತೆಗೆದೆವು. ಆವತ್ತಿನವರೆಗೂ ಆ ಪುಸ್ತಕವನ್ನು ನಾವು ಬಳಸಿದ್ದು ಟೈರ್ ಪ್ರೆಶರ್ ನೋಡೋದಕ್ಕೆ ಮಾತ್ರ. ನಿಗದಿತ ಸರ್ವಿಸ್ ಪುಟದಲ್ಲಿ ಒಂದು ಸಾಲು: ಟೈಮಿಂಗ್ ಬೆಲ್ಟ್ ಬದಲಾವಣೆ, 1,00,000 ಕಿ.ಮೀ. ಅಥವಾ 5 ವರ್ಷ, ಯಾವುದು ಮೊದಲೋ ಅದು. ನಮ್ಮ ಕಾರಿಗೆ ಹನ್ನೆರಡು ವರ್ಷ. ಕಿಲೋಮೀಟರೂ ಮುಗಿದಿದೆ, ವರ್ಷವೂ ಮುಗಿದಿದೆ. ಮಧ್ಯೆ ಯಾರಾದರೂ ಬದಲಿಸಿದ್ದಾರಾ? ಪ್ರಶ್ನೆ ಅಲ್ಲಿಂದ ಶುರುವಾಯಿತು.

ಸೀನಿಯರ್‌ಗಳಿಗೆ ಫೋನ್ ಮಾಡಿದೆವು. ನಮಗೆ ಕಾರು ಕೊಟ್ಟವರು, "ನಾವ್ ಮುಟ್ಟಿಲ್ಲಪ್ಪ, ನಮಗಿಂತ ಮೊದಲಿನವರು ಮಾಡ್ಸಿದ್ರು ಅನ್ಸತ್ತೆ" ಅಂದರು. ಮೊದಲಿನವರು, "ಹೌದು, ಬೆಲ್ಟ್ ಹಾಕ್ಸಿದ್ದು ನೆನಪಿದೆ, ಸಾವಿರದ ಚಿಲ್ಲರೆ ಆಗಿತ್ತು" ಅಂದರು. ಅಲ್ಲೇ ಗೊತ್ತಾಯಿತು. ಸಾವಿರದ ಚಿಲ್ಲರೆಗೆ ಆಗೋದು ಹೊರಗಿನ ಬೆಲ್ಟ್, ಅಂದರೆ ಆಲ್ಟರ್ನೇಟರ್, ಎಸಿ ಕಂಪ್ರೆಸರ್ ತಿರುಗಿಸುವ ಬೆಲ್ಟ್. ಅದು ಸವೆದರೆ ಬೆಳಿಗ್ಗೆ ಸ್ಟಾರ್ಟ್ ಮಾಡುವಾಗ ಕಿರ್ರ್ ಅಂತ ಕಿರುಚುತ್ತದೆ, ಬಾನೆಟ್ ಎತ್ತಿದರೆ ಕಣ್ಣಿಗೂ ಬೀಳುತ್ತದೆ. ಟೈಮಿಂಗ್ ಬೆಲ್ಟ್ ಪ್ಲಾಸ್ಟಿಕ್ ಕವರ್ ಹಿಂದೆ ಅಡಗಿ ಕೂತಿರುತ್ತದೆ. ಕಿರುಚೋದೂ ಇಲ್ಲ, ಡ್ಯಾಶ್‌ಬೋರ್ಡಿನಲ್ಲಿ ಅದಕ್ಕೊಂದು ದೀಪವೂ ಇಲ್ಲ.

ಐಸಿ ಎಂಜಿನ್ಸ್ ಪೇಪರ್ ಬರೆಯದ ಬ್ರ್ಯಾಂಚಿನವರಿಗಾಗಿ ಎರಡು ಮಾತು. ಫೋರ್ ಸ್ಟ್ರೋಕ್ ಎಂಜಿನ್‌ನಲ್ಲಿ ಕ್ರ್ಯಾಂಕ್‌ಶಾಫ್ಟ್ ಎರಡು ಸುತ್ತು ತಿರುಗಿದಾಗ ಕ್ಯಾಮ್‌ಶಾಫ್ಟ್ ಒಂದು ಸುತ್ತು ತಿರುಗಬೇಕು. ಕ್ರ್ಯಾಂಕ್ ಪಿಸ್ಟನ್‌ಗಳನ್ನು ಮೇಲೆ ಕೆಳಗೆ ಮಾಡುತ್ತದೆ, ಕ್ಯಾಮ್ ವಾಲ್ವ್‌ಗಳನ್ನು ತೆರೆಯುತ್ತದೆ. ಇವೆರಡರ ನಡುವಿನ ಒಪ್ಪಂದವೇ ಟೈಮಿಂಗ್. ಆ ಒಪ್ಪಂದವನ್ನು ಕಾಯೋದಕ್ಕೆ ಮೂರು ದಾರಿ: ಗೇರ್, ಚೈನ್, ಅಥವಾ ಹಲ್ಲಿರುವ ಬೆಲ್ಟ್. ಹಲ್ಲಿನ ಬೆಲ್ಟ್ 1940ರ ದಶಕದಲ್ಲಿ ಅಮೆರಿಕದಲ್ಲಿ ಹೊಲಿಗೆ ಯಂತ್ರಕ್ಕಾಗಿ ರೂಪುಗೊಂಡದ್ದು. ಕಾರಿನ ಕ್ಯಾಮ್‌ಶಾಫ್ಟಿಗೆ ಅದನ್ನು ಮೊದಲು ಹಾಕಿ ಮಾರಿದ್ದು ಜರ್ಮನಿಯ ಗ್ಲಾಸ್ ಎಂಬ ಸಣ್ಣ ಕಂಪನಿ, 1962ರಲ್ಲಿ, ತನ್ನ 1004 ಮಾಡೆಲ್‌ಗೆ. ಬೆಲ್ಟ್ ಅಗ್ಗ, ಹಗುರ, ಸದ್ದು ಕಡಿಮೆ, ಎಣ್ಣೆ ಬೇಡ. ನಮ್ಮ ರಸ್ತೆಗಳಲ್ಲೂ ಅಂಬಾಸಿಡರ್ ಕಾಲದಲ್ಲಿ ಇದ್ದದ್ದು ಚೈನ್. ಮಾರುತಿ 800, ಸ್ಯಾಂಟ್ರೋ, ಡೀಸೆಲ್ ಇಂಡಿಕಾ ಬಂದಾಗ ಬೆಲ್ಟ್ ಬಂತು. ಆಮೇಲೆ ಮಾರುತಿಯ ಕೆ ಸೀರೀಸ್ ಪೆಟ್ರೋಲ್ ಎಂಜಿನ್, ಸ್ವಿಫ್ಟ್‌ನ 1.3 ಡೀಸೆಲ್ ಮತ್ತೆ ಚೈನ್‌ಗೆ ಮರಳಿದವು. ಹಾಗಾಗಿ "ನಮ್ಮ ಅಪ್ಪನ ಕಾರು ಎರಡು ಲಕ್ಷ ಓಡಿದೆ, ಏನೂ ಬದಲಿಸಿಲ್ಲ" ಅಂತ ಯಾರಾದರೂ ಹೇಳಿದರೆ ಮೊದಲು ಕೇಳಬೇಕಾದ ಪ್ರಶ್ನೆ: ಅದು ಬೆಲ್ಟೋ, ಚೈನೋ?

ಬೆಲ್ಟ್ ಅಂದರೆ ಬರೀ ರಬ್ಬರ್ ಅಲ್ಲ. ಒಳಗೆ ಗ್ಲಾಸ್ ಫೈಬರ್ ಎಳೆಗಳು ಎಳೆತವನ್ನು ಹೊರುತ್ತವೆ, ಹಲ್ಲುಗಳ ಮೇಲೆ ನೈಲಾನ್ ಬಟ್ಟೆ ಇರುತ್ತದೆ, ಎಲ್ಲವನ್ನೂ ಹಿಡಿದಿಡುವುದು ರಬ್ಬರ್. ಹಳೆಯ ನಿಯೋಪ್ರೀನ್ ಬೆಲ್ಟ್‌ಗಳಲ್ಲಿ ಮುಪ್ಪು ಬಂದಾಗ ಹಿಂಬದಿಯಲ್ಲಿ ಬಿರುಕು ಕಾಣಿಸುತ್ತಿತ್ತು. ಈಗಿನ ಎಚ್‌ಎನ್‌ಬಿಆರ್ ರಬ್ಬರ್ ಶಾಖವನ್ನು ಹೆಚ್ಚು ತಡೆಯುತ್ತದೆ, ಕೊನೆಯವರೆಗೂ ನೋಡಲು ಚೆನ್ನಾಗಿಯೇ ಇರುತ್ತದೆ. ಒಳಗಿನ ಎಳೆ ದಣಿದಿದೆಯಾ ಇಲ್ಲವಾ ಅಂತ ಹೊರಗಿನಿಂದ ಹೇಳೋದು ಕಷ್ಟ.

ಮೆಕ್ಯಾನಿಕಲ್‌ನವರು ಇದ್ದ ಮೇಲೆ ಲೆಕ್ಕ ಇರಲೇಬೇಕು. ಗಂಟೆಗೆ 60 ಕಿಲೋಮೀಟರ್ ವೇಗ, 2,000 ಆರ್‌ಪಿಎಂ ಅಂದುಕೊಳ್ಳಿ. ಒಂದು ಕಿಲೋಮೀಟರಿಗೆ ಒಂದು ನಿಮಿಷ, ಅಂದರೆ 2,000 ಸುತ್ತು ಕ್ರ್ಯಾಂಕ್, 1,000 ಸಲ ಪ್ರತಿ ವಾಲ್ವ್ ತೆರೆದು ಮುಚ್ಚುತ್ತದೆ. ಒಂದು ಲಕ್ಷ ಕಿಲೋಮೀಟರಿಗೆ ಹತ್ತು ಕೋಟಿ ಸಲ. ಒಂದು ಸಲವೂ ತಪ್ಪಬಾರದು. ಮೆಸ್ಸಿನಲ್ಲಿ ದಿನಕ್ಕೆ ಮೂರು ಸಲ ಬೆಲ್ ಹೊಡೆಯುವಾಗಲೇ ವಾರಕ್ಕೆರಡು ಸಲ ತಪ್ಪುತ್ತದೆ.

"ಕಿಲೋಮೀಟರ್ ಜೊತೆ ವರ್ಷ ಯಾಕೆ ಹಾಕ್ತಾರೆ? ನಿಂತಿರೋ ಕಾರಿನ ಬೆಲ್ಟ್ ಸವೆಯತ್ತಾ?" ಅಂತ ಸಿಎಸ್‌ನವಳು ಕೇಳಿದಳು. ನ್ಯಾಯವಾದ ಪ್ರಶ್ನೆ. ಒಂದನೇ ಉತ್ತರ, ರಬ್ಬರ್ ನಿಂತಲ್ಲೇ ಮುಪ್ಪಾಗುತ್ತದೆ. ಶಾಖ, ಆಮ್ಲಜನಕ, ಓಝೋನ್ ಸೇರಿ ಅದನ್ನು ಗಟ್ಟಿ ಮಾಡುತ್ತವೆ. ಮನೆಯಲ್ಲಿ ವರ್ಷಗಟ್ಟಲೆ ಮೂಲೆಯಲ್ಲಿದ್ದ ರಬ್ಬರ್ ಬ್ಯಾಂಡ್ ಎಳೆದು ನೋಡಿದವರಿಗೆ ಇದು ಗೊತ್ತು. ಎರಡನೇ ಉತ್ತರ, ಓಡೋಮೀಟರ್ ಎಲ್ಲವನ್ನೂ ಎಣಿಸುವುದಿಲ್ಲ. ಎಂಜಿನ್ ಐಡಲ್‌ನಲ್ಲಿ 800 ಆರ್‌ಪಿಎಂ ತಿರುಗಿದರೆ ಒಂದು ಗಂಟೆಗೆ 48,000 ಸುತ್ತು. ಮೇಲಿನ ಲೆಕ್ಕದಲ್ಲಿ ಅದು 24 ಕಿಲೋಮೀಟರ್ ಓಡಿದ್ದಕ್ಕೆ ಸಮ, ಓಡೋಮೀಟರಿನಲ್ಲಿ ಮಾತ್ರ ಸೊನ್ನೆ. ಬೆಂಗಳೂರಿನ ಸಿಲ್ಕ್ ಬೋರ್ಡ್‌ನಲ್ಲಿ ನಿಂತ ಗಂಟೆಗಳು ಬೆಲ್ಟಿಗೆ ಗೊತ್ತು, ಮೀಟರಿಗೆ ಗೊತ್ತಿಲ್ಲ.

ಬೆಲ್ಟ್ ಹೋದರೆ ಏನಾಗತ್ತೆ? ಇದು ಎಂಜಿನ್ ಮೇಲೆ ನಿಂತಿದೆ. ಕೆಲವು ಎಂಜಿನ್‌ಗಳಲ್ಲಿ ವಾಲ್ವ್ ಪೂರ್ತಿ ತೆರೆದಿದ್ದರೂ ಪಿಸ್ಟನ್‌ಗೆ ತಾಗದಷ್ಟು ಜಾಗ ಇರುತ್ತದೆ. ಅಲ್ಲಿ ಬೆಲ್ಟ್ ಹರಿದರೆ ಕಾರು ನಿಲ್ಲುತ್ತದೆ, ಹೊಸ ಬೆಲ್ಟ್ ಹಾಕಿದರೆ ಮತ್ತೆ ಓಡುತ್ತದೆ. ಇನ್ನು ಕೆಲವದರಲ್ಲಿ ವಾಲ್ವ್ ಮತ್ತು ಪಿಸ್ಟನ್ ಒಂದೇ ಜಾಗವನ್ನು ಬೇರೆ ಬೇರೆ ಹೊತ್ತಿಗೆ ಬಳಸುತ್ತವೆ. ಒಂದೇ ರೂಮಿನಲ್ಲಿ ಡೇ ಶಿಫ್ಟ್, ನೈಟ್ ಶಿಫ್ಟ್‌ನವರು ಒಂದೇ ಮಂಚ ಹಂಚಿಕೊಂಡ ಹಾಗೆ. ವೇಳಾಪಟ್ಟಿ ತಪ್ಪಿದರೆ ಡಿಕ್ಕಿ. ಡೀಸೆಲ್ ಎಂಜಿನ್‌ನಲ್ಲಿ ಕಂಪ್ರೆಶನ್ ಹೆಚ್ಚು ಬೇಕಾದ್ದರಿಂದ ಪಿಸ್ಟನ್ ಮೇಲ್ತುದಿಗೆ ಬಂದಾಗ ಹೆಡ್‌ಗೂ ಅದಕ್ಕೂ ಸುಮಾರು ಒಂದು ಮಿಲಿಮೀಟರ್ ಮಾತ್ರ ಅಂತರ. ತೆರೆದ ವಾಲ್ವ್ ಅಲ್ಲಿದ್ದರೆ ಬಾಗುವುದೇ ಸೈ. ಹೆಡ್ ಇಳಿಸಬೇಕು, ವಾಲ್ವ್, ಗೈಡ್ ಬದಲಿಸಬೇಕು, ಅದೃಷ್ಟ ಕೆಟ್ಟಿದ್ದರೆ ಪಿಸ್ಟನ್ ಕೂಡ. ನಮ್ಮದು ಡೀಸೆಲ್.

ಹೆಬ್ಬಾಳ ಕೈಗಾರಿಕಾ ಪ್ರದೇಶದ ಕಡೆ ನಾವು ಹೋಗುವ ಒಂದು ಗ್ಯಾರೇಜ್ ಇದೆ. ಮೇಸ್ತ್ರಿ ಅಂದಾಜು ಹಾಕಿ ಕೊಟ್ಟರು. ಬೆಲ್ಟ್, ಟೆನ್ಶನರ್, ಐಡ್ಲರ್ ಸೇರಿದ ಕಿಟ್ 6,500. ವಾಟರ್ ಪಂಪ್ 2,700, ಯಾಕೆಂದರೆ ನಮ್ಮ ಎಂಜಿನ್‌ನಲ್ಲಿ ಅದನ್ನು ತಿರುಗಿಸೋದೂ ಅದೇ ಬೆಲ್ಟ್. ಕೂಲಿ 3,600. ಕೂಲೆಂಟ್ 1,000. ಒಟ್ಟು 13,800 ರೂಪಾಯಿ. ತಲೆಗೆ 3,450. ಬೆಲ್ಟ್ ಹರಿದು ಹೆಡ್ ಇಳಿಸಬೇಕಾದರೆ? ಅವರು ಸ್ವಲ್ಪ ಯೋಚಿಸಿ, "ಎಪ್ಪತ್ತರ ಹತ್ರ ಅಂದ್ಕೊಳಿ" ಅಂದರು.

ಆವತ್ತು ರಾತ್ರಿ ಕ್ಯಾಂಟೀನ್ ಮುಂದಿನ ಕಟ್ಟೆಯಲ್ಲಿ ಸಿಎಸ್‌ನವಳು ಲೆಕ್ಕ ಮಂಡಿಸಿದಳು. ಎಪ್ಪತ್ತರ ಬದಲು 69,000 ಹಿಡಿದರೆ 13,800 ಅದರ ಸರಿಯಾಗಿ ಶೇಕಡಾ 20. ಅಂದರೆ ನಾವು ಕಾರು ಇಟ್ಟುಕೊಳ್ಳುವ ಅವಧಿಯಲ್ಲಿ ಬೆಲ್ಟ್ ಹರಿಯುವ ಸಂಭವ ಐದಕ್ಕೆ ಒಂದಕ್ಕಿಂತ ಹೆಚ್ಚಿದ್ದರೆ ಮಾತ್ರ ಬದಲಿಸೋದು ಲಾಭ. ನಮಗೆ ಉಳಿದಿರೋದು ಐದು ತಿಂಗಳು, ಹೆಚ್ಚೆಂದರೆ 4,000 ಕಿಲೋಮೀಟರ್. ಹನ್ನೆರಡು ವರ್ಷ ಬಾಳಿದ ಬೆಲ್ಟ್ ಈ ಐದೇ ತಿಂಗಳಲ್ಲಿ ಹರಿಯುವ ಸಂಭವ ಐದಕ್ಕೆ ಒಂದು ಅಂತ ನಮ್ಮಲ್ಲಿ ಯಾರಾದರೂ ಎದೆ ಮುಟ್ಟಿ ಹೇಳ್ತೀರಾ? ಯಾರೂ ಹೇಳಲಿಲ್ಲ. "ಹಾಗಾದ್ರೆ ಬದಲಿಸಬಾರದು. ಕ್ಯೂಇಡಿ" ಅಂದಳು.

ಲೆಕ್ಕದಲ್ಲಿ ತಪ್ಪಿರಲಿಲ್ಲ. ಈಗಲೂ ಇಲ್ಲ. ಮೆಕ್ಯಾನಿಕಲ್‌ನವರಲ್ಲಿ ಒಬ್ಬ ಬಾತ್‌ಟಬ್ ಕರ್ವ್ ಎಳೆದು, ವಸ್ತುವಿಗೆ ವಯಸ್ಸಾದಂತೆ ಕೆಡುವ ದರ ಏರುತ್ತದೆ, ನಾವು ಆ ಏರಿನಲ್ಲಿ ಎಲ್ಲಿದ್ದೇವೋ ಗೊತ್ತಿಲ್ಲ ಅಂದ. "ಗೊತ್ತಿಲ್ಲ ಅನ್ನೋದನ್ನ ಶೇಕಡಾದಲ್ಲಿ ಹೇಳು" ಅಂತ ಅವಳು. ಅವನ ಹತ್ತಿರ ಸಂಖ್ಯೆ ಇರಲಿಲ್ಲ.

ಸಿವಿಲ್‌ನವಳು ಸುಳ್ಯದವಳು. ಮೈಸೂರಿನಿಂದ ಅವಳ ಊರಿಗೆ ಮಡಿಕೇರಿ ದಾಟಿ ಸಂಪಾಜೆ ಘಾಟಿ ಇಳಿಯಬೇಕು. ನಾವೆಲ್ಲ ಆ ದಾರಿಯಲ್ಲಿ ಎಷ್ಟು ಸಲ ಹೋಗಿದ್ದೇವೋ ಲೆಕ್ಕವಿಲ್ಲ, ಮಳೆಗಾಲದ ರಾತ್ರಿಯಲ್ಲೂ ಹೋಗಿದ್ದೇವೆ. ಅವಳು ಕೇಳಿದ್ದು ಇಷ್ಟೇ: "ನಿನ್ನ 69,000ದಲ್ಲಿ ಘಾಟಿ ಎಲ್ಲಿದೆ?" ಎಂಜಿನ್ ನಿಂತರೆ ಪವರ್ ಸ್ಟೀರಿಂಗ್‌ನ ನೆರವು ಹೋಗುತ್ತದೆ, ಚಕ್ರ ಕಲ್ಲಿನಂತೆ ಬಿಗಿಯುತ್ತದೆ. ಬ್ರೇಕ್ ಬೂಸ್ಟರ್‌ನಲ್ಲಿ ಉಳಿದ ವ್ಯಾಕ್ಯೂಮ್ ಎರಡು ಮೂರು ಸಲ ಒತ್ತುವಷ್ಟು ಮಾತ್ರ. ಬ್ರೇಕ್ ಇರುತ್ತದೆ, ಆದರೆ ಪೆಡಲ್ ಮೇಲೆ ನಿಂತು ಒತ್ತಬೇಕು. ಎದುರಿಗೆ ತಿರುವು, ಹಿಂದೆ ಲೋಡ್ ಲಾರಿ. ಇದಕ್ಕೆ ಗ್ಯಾರೇಜಿನವರು ಕೊಟೇಶನ್ ಕೊಡೋದಿಲ್ಲ. "ಸೇತುವೆಗೆ ಫ್ಯಾಕ್ಟರ್ ಆಫ್ ಸೇಫ್ಟಿ ಹಾಕೋರು ಬೀಳೋ ಸಂಭವ ಎಷ್ಟು ಅಂತ ಮಾತ್ರ ನೋಡಲ್ಲ, ಬಿದ್ದಾಗ ಮೇಲೆ ಯಾರಿರ್ತಾರೆ ಅಂತಾನೂ ನೋಡ್ತಾರೆ" ಅಂದಳು.

ಇದಕ್ಕೂ ಸಿಎಸ್‌ನವಳ ಹತ್ತಿರ ಉತ್ತರ ಇತ್ತು: "ಸರಿ, ಐದು ತಿಂಗಳು ಘಾಟಿಗೆ ಹೋಗೋದು ಬೇಡ. ಬಸ್ಸಲ್ಲಿ ಹೋಗೋಣ. ಆಮೇಲೆ ಮಾರೋಣ."

ಆಮೇಲೆ ಮಾರೋಣ ಅಂದಾಗ ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಯಾಕೆಂದರೆ ನಮಗಿಂತ ಮೊದಲಿನವರು ಏನು ಮಾಡಿರಬಹುದು ಅನ್ನೋದು ಆಗ ಎಲ್ಲರಿಗೂ ಅರ್ಥವಾಯಿತು. ಅವರೂ ಇದೇ ಲೆಕ್ಕ ಹಾಕಿರಬೇಕು, ಅಥವಾ ಲೆಕ್ಕ ಹಾಕದೆಯೇ ಇದೇ ಉತ್ತರಕ್ಕೆ ಬಂದಿರಬೇಕು. ಒಂದು ಬ್ಯಾಚಿಗೆ ಕಾರು ಸಿಗೋದು ಒಂದೂವರೆ, ಎರಡು ವರ್ಷ. ಆ ಅವಧಿಯಲ್ಲಿ ಬೆಲ್ಟ್ ಹರಿಯುವ ಸಂಭವ ಅವರಿಗೂ ಸಣ್ಣದೇ. ಬದಲಿಸದೇ ಇದ್ದದ್ದು ಅವರ ಮಟ್ಟಿಗೆ ಸರಿ. ಅವರ ಹಿಂದಿನವರಿಗೂ ಸರಿ. ನಮಗೂ ಸರಿ. ಕೊಳ್ಳುವ ಜೂನಿಯರ್‌ಗಳು ಎರಡು ವರ್ಷ ಬಿಟ್ಟು ಇದೇ ಕಟ್ಟೆಯ ಮೇಲೆ ಕೂತು ಲೆಕ್ಕ ಹಾಕಿದರೆ ಅವರಿಗೂ ಸರಿಯೇ. ಎಲ್ಲರ ಲೆಕ್ಕವೂ ಸರಿ ಇರುತ್ತಾ ಇರುತ್ತಾ ಒಂದು ದಿನ ಬೆಲ್ಟ್ ಹರಿಯುತ್ತದೆ. ಮಾಲೀಕರು ಬದಲಾಗಿದ್ದು ಆರ್‌ಸಿಗೆ ಗೊತ್ತು. ಬೆಲ್ಟಿಗೆ ಗೊತ್ತಿಲ್ಲ. ಅದರ ಮಟ್ಟಿಗೆ ಇದು ಒಂದೇ ಉದ್ದನೆಯ ಪ್ರಯಾಣ.

ನಮಗನಿಸಿದ್ದು, ಬೆಲ್ಟ್ ಯಾವಾಗ ಬದಲಿಸಬೇಕು ಅನ್ನೋ ಪ್ರಶ್ನೆಗೆ ಉತ್ತರ ಕಷ್ಟವಾಗೋದು ಇಲ್ಲಿಯೇ. ಕೈಪಿಡಿ ಬರೆದವರು ಎಂಜಿನ್‌ನ ಇಡೀ ಆಯುಷ್ಯ ನೋಡಿ ಸಂಖ್ಯೆ ಕೊಟ್ಟಿರುತ್ತಾರೆ. ನಾವು ನಮ್ಮ ಪಾಲಿನ ಆಯುಷ್ಯ ಮಾತ್ರ ನೋಡಿ ಅದನ್ನು ಓದುತ್ತೇವೆ. ಪಾಲು ಸಣ್ಣದಾದಷ್ಟೂ ಮುಂದೂಡೋದು ಜಾಣತನದಂತೆ ಕಾಣುತ್ತದೆ. ಹಾಸ್ಟೆಲ್ಲಿನ ನೀರಿನ ಟ್ಯಾಂಕ್ ತೊಳೆಸೋದರಿಂದ ಹಿಡಿದು ಲ್ಯಾಬಿನ ಲೇತ್‌ಗೆ ಗ್ರೀಸ್ ಹಾಕೋದರವರೆಗೆ ಎಲ್ಲಕ್ಕೂ ಇದೇ ಗತಿ. "ನಾವಿರೋದು ಇನ್ನೆಷ್ಟು ದಿನ?" ಅನ್ನೋದು ಕ್ಯಾಂಪಸ್ಸಿನಲ್ಲಿ ದಿನಾ ಕೇಳುವ ಮಾತು.

ಮೂರನೇ ದಾರಿಯೊಂದನ್ನು ಮೆಕ್ಯಾನಿಕಲ್‌ನ ಇನ್ನೊಬ್ಬ ಮುಂದಿಟ್ಟ. ಜೂನಿಯರ್‌ಗಳಿಗೆ ಇದ್ದದ್ದು ಇದ್ದ ಹಾಗೆ ಹೇಳಿಬಿಡೋಣ: ಬೆಲ್ಟ್ ಬದಲಾದ ದಾಖಲೆ ಇಲ್ಲ, ಬೆಲೆಯಲ್ಲಿ 13,800 ಕಳೆದು ಕೊಡ್ತೇವೆ, ನೀವೇ ಮಾಡಿಸಿಕೊಳ್ಳಿ. ಹಣದ ಲೆಕ್ಕದಲ್ಲಿ ಎರಡೂ ಒಂದೇ. ಮುಚ್ಚಿಟ್ಟ ಪಾಪವೂ ಇಲ್ಲ. ಕೇಳೋದಕ್ಕೆ ಬಹಳ ಚೆನ್ನಾಗಿತ್ತು. ಸಿಎಸ್‌ನವಳೂ ಒಪ್ಪಿದಳು.

ಒಪ್ಪದವರು ಮತ್ತೆ ಸುಳ್ಯದವಳೇ. "ನಾವೇ ಸೆಕೆಂಡ್ ಇಯರಲ್ಲಿ ಇದ್ದಾಗ ಯಾರಾದ್ರೂ ಹದಿನಾಲ್ಕು ಸಾವಿರ ಕಮ್ಮಿ ಮಾಡಿ ಬೆಲ್ಟ್ ಹಾಕ್ಸಿ ಅಂದಿದ್ರೆ ಹಾಕ್ಸ್ತಿದ್ವಾ?" ಪ್ರಾಮಾಣಿಕ ಉತ್ತರ ಎಲ್ಲರಿಗೂ ಗೊತ್ತಿತ್ತು. ಹದಿನಾಲ್ಕು ಸಾವಿರದಲ್ಲಿ ಗೋಕರ್ಣಕ್ಕೆ ಹೋಗಿ ಬರುತ್ತಿದ್ದೆವು, ಅದೂ ಅದೇ ಕಾರಿನಲ್ಲಿ. ಕಾರು ಕೇಳಿದ ಗುಂಪಿನಲ್ಲಿ ಒಬ್ಬ ಹುಡುಗನಿಗೆ ಲೈಸೆನ್ಸ್ ಬಂದು ನಾಲ್ಕು ತಿಂಗಳಾಗಿತ್ತು. ಅವನ ಊರು ಪುತ್ತೂರು. ಅವನೂ ಸಂಪಾಜೆ ಇಳಿಯಬೇಕಾದವನು.

ಇಲ್ಲಿ ಇನ್ನೊಂದು ವಿಷಯವೂ ಇತ್ತು. ಕೈಪಿಡಿಯ ಆ ಪುಟ ನೋಡುವ ಮೊದಲು ಬೆಲ್ಟ್ ಬಗ್ಗೆ "ಗೊತ್ತಿಲ್ಲ" ಅಂತ ನಾವು ಹೇಳಿದ್ದರೆ ಅದು ನಿಜ. ಫೋನ್ ಮಾಡಿ, ಬಿಲ್ ಹುಡುಕಿ, ಗ್ಯಾರೇಜಿನಲ್ಲಿ ಕೇಳಿಕೊಂಡು ಬಂದ ಮೇಲೆ ಅದೇ "ಗೊತ್ತಿಲ್ಲ" ಬೇರೆ ಥರದ್ದು. ಬದಲಾಗಿಲ್ಲ ಅನ್ನೋದು ನಮಗೆ ಹೆಚ್ಚು ಕಡಿಮೆ ಗೊತ್ತಿತ್ತು. ಎಂಜಿನಿಯರಿಂಗ್ ಓದಿದ್ದಕ್ಕೆ ನಮಗೆ ಸಿಕ್ಕ ಶಿಕ್ಷೆ ಇದೇ ಇರಬೇಕು: ಒಂದು ಸಲ ಲೆಕ್ಕ ಹಾಕಿದ ಮೇಲೆ ಗೊತ್ತಿಲ್ಲ ಅನ್ನೋಕೆ ಬರೋದಿಲ್ಲ.

ಓಟು ಹಾಕಿದೆವು. ಮೂರಕ್ಕೆ ಒಂದು. ಸೋತವಳು ತನ್ನ 3,450 ಅನ್ನು ಎಲ್ಲರಿಗಿಂತ ಮೊದಲು ಕಳಿಸಿದಳು. ಪಾವತಿಯ ಟಿಪ್ಪಣಿಯಲ್ಲಿ "ಪ್ರತಿಭಟನೆಯೊಂದಿಗೆ" ಅಂತ ಬರೆದಿದ್ದಳು.

ಬೆಲ್ಟ್ ಬದಲಿಸೋದನ್ನು ನೋಡೋದಕ್ಕೆ ಶನಿವಾರ ನಾಲ್ಕೂ ಜನ ಹೋದೆವು. ಐದನೇ ಸೆಮಿಸ್ಟರ್‌ನಲ್ಲಿ ವಾಲ್ವ್ ಟೈಮಿಂಗ್ ಡಯಾಗ್ರಾಂ ಬಿಡಿಸಿ ಹತ್ತು ಮಾರ್ಕ್ಸ್ ತಗೊಂಡವರಿಗೆ ಅದನ್ನು ಕಬ್ಬಿಣದಲ್ಲಿ ನೋಡುವ ಖುಷಿಯೇ ಬೇರೆ. ಮೇಸ್ತ್ರಿ ಮೊದಲು ಎಂಜಿನ್‌ಗೆ ಕೆಳಗಿನಿಂದ ಆಸರೆ ಕೊಟ್ಟು ಒಂದು ಕಡೆಯ ಮೌಂಟ್ ಬಿಚ್ಚಿದರು. ಕವರ್ ತೆಗೆದರು. ಕ್ರ್ಯಾಂಕ್ ತಿರುಗಿಸಿ ಗುರುತುಗಳನ್ನು ಕೂಡಿಸಿ, ಕ್ಯಾಮ್ ಮತ್ತು ಕ್ರ್ಯಾಂಕ್ ಎರಡಕ್ಕೂ ಪಿನ್ ಹಾಕಿ ಅಲುಗದಂತೆ ಲಾಕ್ ಮಾಡಿದರು. ಆಮೇಲೆ ಹಳೆಯ ಬೆಲ್ಟ್ ಹೊರಗೆ ಬಂತು.

ಒಂದು ಹಲ್ಲು ತಪ್ಪಿದರೆ ಏನಾಗತ್ತೆ ಅಂತ ಕೇಳಿದೆವು. ಅವರು ನಮಗೇ ಪ್ರಶ್ನೆ ತಿರುಗಿಸಿದರು: "ಎಣಿಸಿ, ಎಷ್ಟು ಹಲ್ಲಿದೆ?" ಕ್ಯಾಮ್ ಪುಲ್ಲಿಯಲ್ಲಿ 40 ಅಂದುಕೊಳ್ಳಿ, ಕ್ರ್ಯಾಂಕ್‌ನಲ್ಲಿ ಅದರ ಅರ್ಧ 20. ಒಂದು ಹಲ್ಲು ಅಂದರೆ ಕ್ಯಾಮ್‌ನಲ್ಲಿ 9 ಡಿಗ್ರಿ, ಕ್ರ್ಯಾಂಕ್‌ನಲ್ಲಿ 18 ಡಿಗ್ರಿ. ಪರೀಕ್ಷೆಯಲ್ಲಿ ಕೋನಮಾಪಕ ಇಟ್ಟು ಒಂದೊಂದು ಡಿಗ್ರಿಗೆ ತಲೆ ಕೆಡಿಸಿಕೊಂಡಿದ್ದೆವಲ್ಲ, ಇಲ್ಲಿ ಒಂದೇ ಸಲಕ್ಕೆ ಹದಿನೆಂಟು. ಹೊಸ ಬೆಲ್ಟ್ ಕೂರಿಸಿ, ಟೆನ್ಶನರ್‌ನ ಮುಳ್ಳು ಗುರುತಿಗೆ ಬರುವಂತೆ ಬಿಗಿ ಮಾಡಿ, ಪಿನ್ ತೆಗೆದು, ಸ್ಪ್ಯಾನರ್ ಹಾಕಿ ಕೈಯಲ್ಲೇ ಕ್ರ್ಯಾಂಕನ್ನು ನಿಧಾನಕ್ಕೆ ಎರಡು ಪೂರ್ತಿ ಸುತ್ತು ತಿರುಗಿಸಿದರು. ಎರಡೇ ಯಾಕೆ? ಆಗಲೇ ಕ್ಯಾಮ್ ಒಂದು ಸುತ್ತು ಮುಗಿಸಿ ಗುರುತುಗಳು ಮತ್ತೆ ಕೂಡೋದು. ಕೂಡಿದವು. ಎಲ್ಲೂ ತಡೆ ಸಿಗಲಿಲ್ಲ. ಅದಾದ ಮೇಲೆಯೇ ಕೀ ತಿರುಗಿಸಿದ್ದು.

ಹಳೆಯ ಬೆಲ್ಟನ್ನು ಕೈಗೆ ತಗೊಂಡು ನೋಡಿದೆವು. ತಿರುಗಿಸಿದೆವು, ಮಡಿಸಿದೆವು, ಮೊಬೈಲ್ ಟಾರ್ಚ್ ಹಾಕಿ ಹಲ್ಲುಗಳ ಬುಡ ನೋಡಿದೆವು. ಬಿರುಕಿಲ್ಲ, ಎಳೆ ಬಿಟ್ಟಿಲ್ಲ, ಹಲ್ಲು ಒಂದೂ ಸವೆದಂತಿಲ್ಲ. ಹಿಂಬದಿ ಸ್ವಲ್ಪ ಹೊಳೆಯುತ್ತಿತ್ತು, ಅಷ್ಟೇ. ಐಡ್ಲರ್ ಕೈಯಲ್ಲಿ ತಿರುಗಿಸಿದಾಗ ಒಣ ಸದ್ದು ಬರುತ್ತಿತ್ತು. ಅದು ಎಷ್ಟು ಕೆಟ್ಟದ್ದು ಅಂತ ಹೇಳುವಷ್ಟು ಅನುಭವ ನಮಗಿಲ್ಲ. "ಇನ್ನೂ ಓಡ್ತಿತ್ತಾ?" ಅಂತ ಕೇಳಿದ್ದಕ್ಕೆ ಮೇಸ್ತ್ರಿ, "ಓಡ್ತಿತ್ತೇನೋ. ನಾಳೆವರೆಗೂ ಓಡ್ತಿತ್ತು, ಮೂವತ್ತು ಸಾವಿರ ಕಿಲೋಮೀಟರೂ ಓಡ್ತಿತ್ತು. ಹರಿಯೋ ಹಿಂದಿನ ದಿನ ಎಲ್ಲ ಬೆಲ್ಟೂ ಹೀಗೇ ಇರತ್ತೆ" ಅಂದರು.

ಸಿಎಸ್‌ನವಳು ನಮ್ಮ ಕಡೆ ಒಂದು ನೋಟ ಬೀರಿದಳು, ಏನೂ ಹೇಳಲಿಲ್ಲ. ಅವಳ ವಾದ ಇವತ್ತಿಗೂ ನಿಂತಿದೆ: 13,800 ರೂಪಾಯಿ ಖರ್ಚಾಗಿ ಏನೂ ಆಗಲಿಲ್ಲ. ಉಳಿದ ಮೂವರ ವಾದವೂ ಅದೇ ಮಾತಿನಲ್ಲಿದೆ: 13,800 ರೂಪಾಯಿ ಖರ್ಚಾಗಿ ಏನೂ ಆಗಲಿಲ್ಲ. ಯಾರು ಸರಿ ಅಂತ ತೋರಿಸುವ ಪ್ರಯೋಗ ಸಾಧ್ಯವಿಲ್ಲ. ಬಿಚ್ಚಿದ ಬೆಲ್ಟನ್ನು ಮತ್ತೆ ಹಾಕಿ ಎಷ್ಟು ದೂರ ಓಡುತ್ತದೆ ನೋಡೋಣ ಅನ್ನೋಕಾಗಲ್ಲ. ಹೊತ್ತಿಗೆ ಮುಂಚೆ ಮಾಡಿದ ಕೆಲಸಕ್ಕೆ ಸಾಕ್ಷಿ ಸಿಗೋದಿಲ್ಲ. ತಡವಾಗಿ ಮಾಡಿದ್ದಕ್ಕೆ ಮಾತ್ರ ಸಿಗುತ್ತದೆ.

ಈಗ ಕೆಲಸಕ್ಕೆ ಬರುವ ಮಾತು. ನಿಮ್ಮ ಹತ್ತಿರ, ಅಥವಾ ಮನೆಯಲ್ಲಿ ಹಳೆಯ ಕಾರಿದ್ದರೆ ಮೊದಲು ಬೆಲ್ಟೋ ಚೈನೋ ಅಂತ ಕೈಪಿಡಿಯಲ್ಲಿ ನೋಡಿ. ಒಂದೇ ಹೆಸರಿನ ಕಾರಿನಲ್ಲೂ ಪೆಟ್ರೋಲಿಗೆ ಒಂದು, ಡೀಸೆಲ್‌ಗೆ ಒಂದು ಇರಬಹುದು. ಬೆಲ್ಟ್ ಆಗಿದ್ದರೆ ಕಿಲೋಮೀಟರ್, ವರ್ಷ ಎರಡನ್ನೂ ನೋಡಿ, ಮೊದಲು ಮುಗಿದದ್ದನ್ನು ಲೆಕ್ಕಕ್ಕೆ ಹಿಡಿಯಿರಿ. ಪಕ್ಕದ ಮನೆಯವರ ಕಾರಿನ ಸಂಖ್ಯೆ ನಿಮ್ಮದಕ್ಕೆ ಬೇಡ, ಎಂಜಿನ್ ಬೇರೆಯಾದರೆ ಸಂಖ್ಯೆಯೂ ಬೇರೆ. ಯಾವಾಗ ಬದಲಾಯಿತು ಅಂತ ಬಿಲ್ ಇಲ್ಲದಿದ್ದರೆ ಬದಲಾಗಿಲ್ಲ ಅಂತಲೇ ತಿಳಿಯಿರಿ. "ಮಾಡ್ಸಿದ್ರು ಅನ್ಸತ್ತೆ" ಅನ್ನೋದು ದಾಖಲೆ ಅಲ್ಲ. ಬೆಲ್ಟಿನ ಕಡೆ ಎಣ್ಣೆ ಅಥವಾ ಕೂಲೆಂಟ್ ಸೋರುತ್ತಿದ್ದರೆ ಸಂಖ್ಯೆಗಾಗಿ ಕಾಯಬೇಡಿ. ಎಣ್ಣೆ ಬಿದ್ದ ರಬ್ಬರ್ ಬೇಗ ಮೆತ್ತಗಾಗಿ ಹಾಳಾಗುತ್ತದೆ. ಬದಲಿಸುವಾಗ ಟೆನ್ಶನರ್, ಐಡ್ಲರ್ ಕೂಡ ಹೊಸದು ಹಾಕಿಸಿ. ಬೆಲ್ಟ್ ತಿರುಗಿಸುವ ವಾಟರ್ ಪಂಪ್ ಆಗಿದ್ದರೆ ಅದನ್ನೂ. ಕೂಲಿಯ ಬಹುಪಾಲು ಬಿಚ್ಚಿ ಜೋಡಿಸೋದಕ್ಕೇ ಹೋಗುವುದರಿಂದ ಎರಡು ಸಾವಿರ ಉಳಿಸಲು ಹಳೆಯ ಬೇರಿಂಗ್ ಬಿಡೋದು ಜಾಣತನ ಅಲ್ಲ. ಅದು ಸಿಕ್ಕಿಹಾಕಿಕೊಂಡರೆ ಹೊಸ ಬೆಲ್ಟೂ ಹೋಗುತ್ತದೆ.

ಎಲ್ಲವನ್ನೂ ಹೀಗೆ ಮುಂಚಿತವಾಗಿ ಬದಲಿಸಬೇಕು ಅಂತಲೂ ಅಲ್ಲ. ನಿಮ್ಮ ಸ್ಕೂಟರಿನ ಡ್ರೈವ್ ಬೆಲ್ಟ್ ಹರಿದರೆ ಸ್ಕೂಟರ್ ಮುಂದೆ ಹೋಗೋದಿಲ್ಲ, ಎಂಜಿನ್‌ಗೆ ಪೆಟ್ಟಾಗೋದು ಅಪರೂಪ, ತಳ್ಳಿಕೊಂಡು ಹೋಗಬಹುದು. ವೈಪರ್ ಬ್ಲೇಡ್ ಕೆಡೋವರೆಗೂ ಬಳಸಿ, ಯಾರ ಗಂಟೂ ಹೋಗೋದಿಲ್ಲ. ಕೇಳಿಕೊಳ್ಳಬೇಕಾದ್ದು ಎರಡೇ: ಕೆಡುವ ಮುಂಚೆ ಇದು ಹೇಳುತ್ತದಾ? ಕೆಟ್ಟಾಗ ತನ್ನ ಜೊತೆ ಇನ್ನೇನನ್ನು ಒಯ್ಯುತ್ತದೆ? ಟೈಮಿಂಗ್ ಬೆಲ್ಟ್ ಮೊದಲನೆಯದಕ್ಕೆ ಇಲ್ಲ ಅನ್ನುತ್ತದೆ, ಎರಡನೆಯದಕ್ಕೆ ಇಡೀ ಎಂಜಿನ್ ತೋರಿಸುತ್ತದೆ.

ಜೂನಿಯರ್‌ಗಳಿಗೆ ಬಿಲ್ ತೋರಿಸಿ ವಿಷಯ ಹೇಳಿದೆವು. ಪುತ್ತೂರಿನ ಹುಡುಗ ಬಿಲ್ಲನ್ನು ಎರಡು ಸಲ ಓದಿ, "ಅರ್ಧ ನಾವ್ ಕೊಡ್ತೀವಿ ಅಣ್ಣ" ಅಂದ. 6,900. ತಲೆಗೆ 1,725 ವಾಪಸ್ ಬರುತ್ತದೆ. ಸಿಎಸ್‌ನವಳು ತನ್ನ ಸ್ಪ್ರೆಡ್‌ಶೀಟ್ ತಿದ್ದಿದ್ದಾಳೆ. ಬ್ರೇಕ್ ಈವನ್ ಈಗ ಶೇಕಡಾ 10 ಅಂತೆ, ಆದರೂ ತಾನು ಹೇಳಿದ್ದೇ ಸರಿಯಂತೆ.

ಗ್ಲೋವ್‌ಬಾಕ್ಸ್‌ನಲ್ಲಿ ಈಗ ಒಂದು ನೂರು ಪುಟದ ನೋಟ್‌ಬುಕ್ ಇದೆ. ಮೊದಲ ಪುಟದಲ್ಲಿ ಬೆಲ್ಟಿನ ಬಿಲ್ ಅಂಟಿಸಿದ್ದೇವೆ. ಬಾನೆಟ್ ಕೆಳಗೆ ಬೆಲ್ಟ್ ಕವರ್ ಮೇಲೆ ಒಂದು ಸ್ಟಿಕ್ಕರ್: ಬದಲಿಸಿದ್ದು 2025, 1,18,400 ಕಿ.ಮೀ.; ಮುಂದಿನದು 2030 ಅಥವಾ 2,18,400 ಕಿ.ಮೀ., ಯಾವುದು ಮೊದಲೋ ಅದು. 2030ರಲ್ಲಿ ಆ ಕಾರನ್ನು ಓಡಿಸುವವರು ಈಗ ಬಹುಶಃ ಹೈಸ್ಕೂಲಿನಲ್ಲಿ ಇರಬೇಕು. ಅವರೂ ಇಂಥದ್ದೇ ಯಾವುದೋ ಕಟ್ಟೆಯಲ್ಲಿ ಕೂತು ಜಗಳ ಆಡಲಿ, ತೊಂದರೆಯಿಲ್ಲ. ಯಾವಾಗ ಬದಲಾಯಿತು ಅನ್ನೋದಕ್ಕಾದರೂ ಫೋನ್ ಮಾಡಬೇಕಾಗಿಲ್ಲ.